ತಂಬಿಲದ ದಿನ ಮೈ ನಡುಗಿದ್ದು

ಯಂತ್ರ ಟಕ್ ಎಂದಾಗಲೆಲ್ಲ ಲಕ್ಷಿತನ ಬಲಗೈಯ ಬೆರಳು ಹಾರುತ್ತಿತ್ತು. ಅವನು ಹಾರಿಸುವುದಲ್ಲ, ತಾನಾಗಿಯೇ ಹಾರುವುದು. ಬಲೆಯಿಂದ ದೋಣಿಗೆ ಬಿದ್ದ ಬಂಗುಡೆ ಒಮ್ಮೆ ಬಾಲ ಬಡಿದು ಸುಮ್ಮನಾಗುತ್ತದಲ್ಲ, ಹಾಗೆ. ಮತ್ತೆ ಟಕ್. ಮತ್ತೆ ಬೆರಳು.

ಗೋಡೆಯ ಬದಿಯ ಕುರ್ಚಿಯಲ್ಲಿ ಕೂತು ನಾನು ಅದನ್ನೇ ನೋಡುತ್ತಿದ್ದೆ. ಲಕ್ಷಿತ್ ನನ್ನ ಮಗಳು ಹರಿಣಾಕ್ಷಿಯ ಒಬ್ಬನೇ ಮಗ. ಒಂದೂವರೆ ವರ್ಷದ ಹಿಂದೆ ಮಲ್ಪೆಯಿಂದ ಹೊರಟ ಬೋಟಿನಲ್ಲಿ ಕಾಲು ಜಾರಿ, ಐಸ್ ತುಂಬುವ ಹೊಂಡಕ್ಕೆ ತಲೆ ಕೆಳಗಾಗಿ ಬಿದ್ದ. ಕುತ್ತಿಗೆಯ ಮೂಳೆ ಮುರಿಯಿತು. ಕಾಲು ಹೋಯಿತು. ತೋಳು ಎತ್ತುತ್ತಾನೆ, ಆದರೆ ಹಸ್ತಕ್ಕೆ ಹಿಡಿತ ಇಲ್ಲ. ಒಳಗಿನ ನರ ಪೂರ್ತಿ ತುಂಡಾಗಿಲ್ಲ, ಸ್ವಲ್ಪ ಉಳಿದಿದೆ ಎಂದು ಡಾಕ್ಟರು ಹೇಳಿದ್ದರು. ಆ ಸ್ವಲ್ಪವನ್ನು ಹಿಡಿದುಕೊಂಡೇ ನಾವು ಅವನನ್ನು ಕಾಪುವಿನಿಂದ ಮಣಿಪಾಲದ ಆಸ್ಪತ್ರೆಗೆ ತಂದಿದ್ದೆವು.

ಯಂತ್ರದ ಕೆಲಸ ಫಿಯೋನಾ ಎಂಬ ಹುಡುಗಿಯದು. ಕಾರ್ಕಳದವಳು, ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಾಳೆ. ಲಕ್ಷಿತನ ತಲೆಗೆ ಈಜುವವರು ಹಾಕುವಂಥ ಬಿಳಿ ಟೋಪಿ ತೊಡಿಸಿ, ಪೆನ್ನಿನಿಂದ ಗುರುತು ಹಾಕಿದ ಜಾಗದ ಮೇಲೆ ಎರಡು ನೀರುದೋಸೆ ಅಕ್ಕಪಕ್ಕ ಅಂಟಿಸಿದ ಹಾಗಿನ ಕಪ್ಪು ಬಿಲ್ಲೆಯನ್ನು ಇಡುತ್ತಾಳೆ. ಅದರೊಳಗೆ ಅಯಸ್ಕಾಂತದ ಶಕ್ತಿ ಉಂಟಂತೆ.

"ಮಿದುಳು ಕೈಗೆ ಹೇಳ್ತಾ ಉಂಟು ಅಮ್ಮ, ಆದ್ರೆ ಕುತ್ತಿಗೆ ದಾಟುವಾಗ ಸ್ವರ ಸಣ್ಣ ಆಗ್ತದೆ," ಎಂದು ಅವಳು ನನಗೆ ಬಿಡಿಸಿ ಹೇಳಿದ್ದಳು. "ಇದು ಮಿದುಳನ್ನು ಸ್ವಲ್ಪ ಎಬ್ಬಿಸ್ತದೆ. ಎಬ್ಬಿಸಿದ ಕೂಡ್ಲೆ ಕೈಗೆ ಕೆಲಸ ಕೊಡ್ಬೇಕು. ಆಗುತ್ತದೆ ಅಂತ ಮಾತು ಕೊಡ್ಲಿಕ್ಕೆ ಆಗುದಿಲ್ಲ. ಇನ್ನೂ ಪರೀಕ್ಷೆ ಮಾಡ್ತಾ ಇರುವುದು."

ಲಕ್ಷಿತ್ ಸುಮ್ಮನಿರುವ ಜಾತಿಯಲ್ಲ. "ಅಜ್ಜಿ, ನನ್ನ ಕುತ್ತಿಗೆಯಲ್ಲಿ ಸ್ಕ್ರೂ ಉಂಟಲ್ಲ, ಅಯಸ್ಕಾಂತ ಎಳೆದ್ರೆ ತಲೆ ಹಾರಿ ಸೀಲಿಂಗಿಗೆ ಅಂಟ್ತದೆ. ನೀನು ಕೆಳಗೆ ಸೆರಗು ಹಿಡಿ."

"ಆ ಸ್ಕ್ರೂ ಅಂಟುವ ಜಾತಿಯದ್ದಲ್ಲ ಮಾರಾಯ. ನಿನ್ನ ಬಾಯಿಗೆ ಒಂದು ಸ್ಕ್ರೂ ಹಾಕ್ಬೇಕಿತ್ತು," ಎಂದಳು ಫಿಯೋನಾ.

ಮೊದಲ ದಿನಗಳಲ್ಲಿ ಅವನ ಜೊತೆ ನಿಂತವಳು ಹರಿಣಾಕ್ಷಿ. ಅವಳು ಕಾರ್ಕಳದ ಮಾರ್ಕೆಟಿನಲ್ಲಿ ಮೀನು ಮಾರುವವಳು, ಜಾಗ ಖಾಲಿ ಬಿಟ್ಟರೆ ಬೇರೆಯವರು ಬುಟ್ಟಿ ಇಡುತ್ತಾರೆ. ಹಾಗಾಗಿ ಆಮೇಲೆ ನಾನು ಬಂದೆ. ನಾನು ಬಂದ ವಾರವೇ ಹೆಬ್ಬೆರಳು ಬಂತು. ಯಂತ್ರ ನಿಲ್ಲಿಸಿ ಫಿಯೋನಾ ಅವನ ಕೈಗೆ ಮಡಚಿದ ಕಾಗದ ಕೊಟ್ಟಾಗ, ಹೆಬ್ಬೆರಳು ಮೆಲ್ಲನೆ ಸರಿದು ತೋರುಬೆರಳಿನ ಬದಿಗೆ ತಾಗಿತು. ಕಾಗದ ನಿಂತಿತು. ಬೀಳಲಿಲ್ಲ. ಫಿಯೋನಾ ಚಪ್ಪಾಳೆ ಹೊಡೆದಳು. ಹರಿಣಾಕ್ಷಿಗೆ ಫೋನು ಮಾಡಿದರೆ ಅವಳು ಮಾರ್ಕೆಟಿನ ನಡುವೆಯೇ ಅತ್ತಳು, ಎದುರಿಗಿದ್ದ ಗಿರಾಕಿಗೆ ಕೇಳದೆಯೇ ಎರಡು ಬಂಗುಡೆ ಹೆಚ್ಚು ಹಾಕಿದಳಂತೆ.

ಆ ಹೆಬ್ಬೆರಳು ನಮಗೆ ಯಾಕೆ ಅಷ್ಟು ದೊಡ್ಡದು ಎಂದರೆ, ಲಕ್ಷಿತನಿಗೆ ಮೂತ್ರ ತಾನಾಗಿ ಹೋಗುವುದಿಲ್ಲ. ಹೊತ್ತು ಹೊತ್ತಿಗೆ ಸಣ್ಣ ಪೈಪು ಹಾಕಿ ತೆಗೆಯಬೇಕು. ಇಪ್ಪತ್ತಾರು ವರ್ಷದ ಗಂಡುಮಗ. ಮನೆಯಲ್ಲಿ ಅದನ್ನು ತಾಯಿ ಮಾಡುತ್ತಾಳೆ, ಇಲ್ಲಿ ನಾನು. ಆ ಹೊತ್ತಿನಲ್ಲಿ ಮಾತ್ರ ಅವನು ಒಂದೂ ತಮಾಷೆ ಮಾಡುವುದಿಲ್ಲ. ಮುಖದ ಮೇಲೆ ಟವೆಲ್ ಹಾಕಿಕೊಳ್ಳುತ್ತಾನೆ. ದೊಡ್ಡ ಡಾಕ್ಟರು ಮೊದಲ ದಿನ, "ಕೈ ಬಂದರೆ ಎಂತ ಮಾಡಬೇಕು ಅಂತ ಆಸೆ?" ಎಂದು ಕೇಳಿದ್ದಕ್ಕೆ, ಊಟ ಎಂದೂ ಹೇಳಲಿಲ್ಲ, ಮೊಬೈಲು ಎಂದೂ ಹೇಳಲಿಲ್ಲವಂತೆ. "ಪೈಪು ನಾನೇ ಹಾಕಿಕೊಳ್ಳಬೇಕು, ಅಷ್ಟು ಸಾಕು," ಎಂದನಂತೆ.

ಹೀಗಿರುವಾಗ ಒಂದು ಬೆಳಿಗ್ಗೆ ಹೊಸ ರೋಗಿ ಬಂದರು. ಶಂಕರಪುರದ ಕಡೆಯ ಜಾರ್ಜ್ ಎಂಬವರು, ತೆಂಗಿನ ಮರದಿಂದ ಬಿದ್ದವರು. ಜೊತೆಗೆ ಹೆಂಡತಿ. ಲಕ್ಷಿತನ ತಲೆಯ ಮೇಲೆ ಯಂತ್ರ ನಡೆಯುತ್ತಿದ್ದಂತೆಯೇ, ಅದೇ ಕೋಣೆಯ ಮೂಲೆಯಲ್ಲಿ ಫಿಯೋನಾ ಅವರನ್ನು ಕೊಂಕಣಿಯಲ್ಲಿ ವಿಚಾರಿಸುತ್ತಿದ್ದಳು. ಶಂಕರಪುರದ ಮನೆಗಳಿಗೆಲ್ಲ ತಲೆಯ ಮೇಲೆ ಮೀನು ಹೊತ್ತು ತಿರುಗಿದವಳು ನಾನು. ಮಾತಾಡಲಿಕ್ಕೆ ಬಾರದಿದ್ದರೂ ಕೊಂಕಣಿ ನನಗೆ ಅರ್ಥವಾಗುತ್ತದೆ.

"ಫಿಟ್ಸ್ ಬಂದದ್ದು ಉಂಟಾ? ಸಣ್ಣದಿರುವಾಗ ಆದ್ರೂ?"

"ಫಿಟ್ಸ್ ಅಂದ್ರೆ ಹೇಗೆ ಮಗಾ?" ಎಂದು ಆ ಹೆಂಗಸು ಕೇಳಿದಳು.

"ಕಣ್ಣು ಮೇಲೆ ಹೋಗ್ತದೆ, ಹಲ್ಲು ಕಚ್ಚಿಕೊಳ್ತದೆ, ಬಿದ್ದು ಕೈಕಾಲು ಬಡಿತಾರೆ. ನಾಲಿಗೆ ಕಚ್ಚಿ ರಕ್ತ ಬರಬಹುದು. ಬಟ್ಟೆಯಲ್ಲೇ ಮೂತ್ರ ಹೋಗಬಹುದು. ಆಮೇಲೆ ತುಂಬ ಹೊತ್ತು ನಿದ್ದೆ, ಎದ್ದ ಮೇಲೆ ಆದದ್ದು ಗೊತ್ತಿರುದಿಲ್ಲ. ಹಾಗೆ ಇದ್ರೆ ಈ ಯಂತ್ರ ಇಡ್ಲಿಕ್ಕೆ ಇಲ್ಲ. ಅದು ಫಿಟ್ಸನ್ನು ಎಬ್ಬಿಸಬಹುದು."

"ದೇವರೇ, ಹಾಗೆಲ್ಲ ಇಲ್ಲ," ಎಂದಳು ಆ ಹೆಂಗಸು.

ಆದರೆ ಆ ಗುರುತೆಲ್ಲ ನಾನು ಒಮ್ಮೆ ಕಣ್ಣಾರೆ ನೋಡಿದ್ದೆ.

ನನ್ನ ತವರು, ತಾಯಿಯ ಕಡೆಯಿಂದ ನಡೆದು ಬಂದ ನಮ್ಮ ಕುಟುಂಬದ ಮನೆ, ಉಚ್ಚಿಲದಲ್ಲಿ. ವರ್ಷಕ್ಕೊಮ್ಮೆ ಅಲ್ಲಿ ಮನೆಯ ದೈವಕ್ಕೆ ತಂಬಿಲ, ಅಂದರೆ ದೀಪ ಇಟ್ಟು ಎಲೆ ಹಾಕಿ ಬಡಿಸುವುದು. ದೈವ ಒಬ್ಬರ ಮೈಮೇಲೆ ಬಂದು ಮಾತು ಹೇಳುತ್ತದೆ. ಅವರನ್ನು ಪಾತ್ರಿ ಎನ್ನುತ್ತೇವೆ. ನಮ್ಮ ಸೋದರಮಾವ ಪಾತ್ರಿಯಾಗಿದ್ದರು. ಅವರು ತೀರಿಹೋದ ಮೇಲೆ ಯಾರ ಮೈಮೇಲೂ ಬರಲಿಲ್ಲ. ಮನೆಗೆ ಯಜಮಾನ ನನ್ನ ತಮ್ಮ ಕಿಟ್ಟ. ವರ್ಷ ವರ್ಷ ದೀಪದ ಮುಂದೆ ನಿಂತು ಎಲ್ಲರ ಮುಖ ನೋಡುತ್ತಿದ್ದ. ಯಾರೂ ನಡುಗುತ್ತಿರಲಿಲ್ಲ. ದೈವ ಮನೆ ಬಿಟ್ಟಿತು ಎಂದು ಊರು ಆಡಿಕೊಳ್ಳಲು ಶುರುಮಾಡಿತ್ತು.

ಅಂಥ ಒಂದು ತಂಬಿಲದ ದಿನ, ಘಂಟೆ ಬಡಿಯುತ್ತಿದ್ದಾಗ, ದೀಪದ ಹತ್ತಿರ ನಿಂತಿದ್ದ ಮೂರನೇ ಕ್ಲಾಸಿನ ಲಕ್ಷಿತ್ ನಡುಗಿದ. ಕಣ್ಣು ಮೇಲೆ ಹೋಯಿತು. ಬಿದ್ದ. ಎರಡು ಕೈಯೂ ನೆಲಕ್ಕೆ ಬಡಿಯುತ್ತಿತ್ತು. ಕಿಟ್ಟ ಗಂಧ ತಂದು ಹಣೆಗೆ ಹಚ್ಚಿದ, ಹೆಂಗಸರೆಲ್ಲ ಕೈಮುಗಿದು ಅತ್ತರು. ಸಂತೋಷದ ಅಳು. ಮಗುವಿನ ತಲೆಯನ್ನು ಮಡಿಲಲ್ಲಿ ಹಿಡಿದು ಕೂತವಳು ನಾನು. ನನ್ನ ಸೀರೆಗೆ ಬಿಸಿ ಹತ್ತಿತು, ಮಗು ಚಡ್ಡಿ ಒದ್ದೆ ಮಾಡಿಕೊಂಡಿತ್ತು. ತುಟಿಯ ಬದಿಯಲ್ಲಿ ರಕ್ತ. ಆಮೇಲೆ ಸಂಜೆಯವರೆಗೆ ಕೊರಡಿನ ಹಾಗೆ ಮಲಗಿತು.

ಮಾವನ ಮೈಮೇಲೆ ಬರುವಾಗಲೂ ನಡುಕ ಬರುತ್ತಿತ್ತು. ಆದರೆ ಅವರು ಬೀಳುತ್ತಿರಲಿಲ್ಲ. ನಿಂತು ಮಾತಿಗೆ ಮಾತು ಕೊಡುತ್ತಿದ್ದರು. ದೈವ ಮೈ ಬಿಟ್ಟ ಮೇಲೆ ಎಳನೀರು ಕುಡಿದು, ವೀಳ್ಯ ಹಾಕಿ, ಮೀನಿನ ರೇಟು ಕೇಳುತ್ತಿದ್ದರು. ನಾನು ಅದೇ ದಿನ ಕಿಟ್ಟನಿಗೆ ಹೇಳಿದೆ, ಹೀಗೆ ಹೀಗೆ, ಚಡ್ಡಿ ಒದ್ದೆ ಆಗಿದೆ, ನಾಲಿಗೆ ಕಚ್ಚಿದೆ ಎಂದು.

"ಎಳೆಯ ಮೈ ಅಕ್ಕ. ಅಷ್ಟು ದೊಡ್ಡದು ಒಮ್ಮೆಲೇ ಬಂದ್ರೆ ತಡೀಲಿಕ್ಕೆ ಆಗ್ತದಾ?" ಎಂದ ಅವನು. ಅದೂ ಸರಿ ಎಂದು ಕಂಡಿತು.

ಅಂದಿನಿಂದ ಲಕ್ಷಿತ್ ಬೇರೆ ಮಗುವಾದ. ಮನೆಯಲ್ಲಿ ಅವನಿಗೆ ಯಾರೂ ಕೈ ಎತ್ತಲಿಲ್ಲ. ದೊಡ್ಡವನಾಗಿ ಬೋಟಿಗೆ ಹೋದಾಗ, ಬಲೆ ಬಿಡುವ ಮೊದಲು ಅವನಿಂದ ಮುಟ್ಟಿಸುತ್ತಿದ್ದರಂತೆ. ಮುಂದೆ ಪಾತ್ರಿಯಾಗುವವನು ಎಂದು ಎಲ್ಲರೂ ಕಾದರು. ಆದರೆ ಮತ್ತೆ ಯಾವ ತಂಬಿಲದಲ್ಲೂ ಅವನ ಮೈಮೇಲೆ ಏನೂ ಬರಲಿಲ್ಲ. ಹೊತ್ತು ಬಂದಾಗ ಬರುತ್ತದೆ ಎನ್ನುತ್ತಿದ್ದ ಕಿಟ್ಟ.

ಹರಿಣಾಕ್ಷಿಗೂ ಇದೇ ಪ್ರಶ್ನೆ ಕೇಳಿರಬೇಕು. ಇಲ್ಲ ಎಂದಿರುತ್ತಾಳೆ. ಅವಳು ಸುಳ್ಳು ಹೇಳಿದ್ದಲ್ಲ. ದೈವ ಬಂದದ್ದನ್ನು ರೋಗ ಎಂದು ಯಾರಾದರೂ ಹೇಳುತ್ತಾರೆಯೇ?

ಟಕ್. ಬೆರಳು ಹಾರಿತು. ಟಕ್. ನೆಲಕ್ಕೆ ಬಡಿಯುತ್ತಿದ್ದ ಆ ಸಣ್ಣ ಕೈಯೇ ನನಗೆ ಕಂಡಿತು. ಇನ್ನೊಂದು ಟಕ್ಕಿಗೆ ಪೂರ್ತಿ ಮೈ ಹಾರಿದರೆ? ಸ್ಕ್ರೂ ಹಾಕಿದ ಕುತ್ತಿಗೆ. ನಾನು ಎದ್ದು ನಿಂತೆ.

"ಎಂತ ಅಮ್ಮ?" ಎಂದಳು ಫಿಯೋನಾ.

"ಮುಗೀತಾ?"

"ಇನ್ನು ಸ್ವಲ್ಪ ಉಂಟು."

ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಲಕ್ಷಿತ್ ನನ್ನ ಕಡೆ ನೋಡಿ ಹೆಬ್ಬೆರಳನ್ನು ಒಂದು ಚೂರು ಆಡಿಸಿದ. ಇದು ಯಂತ್ರದ್ದಲ್ಲ, ಅವನದೇ. ನಾನು ಕೂತೆ. ಆ ದಿನದ್ದು ಮುಗಿಯುವವರೆಗೆ ಒಂದೊಂದು ಟಕ್ಕನ್ನೂ ಎಣಿಸಿದೆ.

ಹೊರಗೆ ಬಂದು ಕಿಟ್ಟನಿಗೆ ಫೋನು ಮಾಡಿದೆ. ಎಲ್ಲ ಹೇಳಿದೆ.

"ನಿನಗೆ ಮಂಡೆ ಸರಿ ಉಂಟಾ ಅಕ್ಕ?" ಎಂದ. "ಮನೆಯ ದೈವವನ್ನು ಫಿಟ್ಸ್ ಅಂತ ಡಾಕ್ಟ್ರ ಹತ್ರ ಹೇಳ್ತೀಯಾ? ನಾಳೆ ಊರಿಗೆ ಎಂತ ಮುಖ ತೋರಿಸುದು?"

"ದೈವ ಅಲ್ಲ ಅಂತ ನಾನು ಹೇಳುದಿಲ್ಲ ಕಿಟ್ಟ. ಅವರು ಹೇಳಿದ ಗುರುತು ಒಂದೂ ತಪ್ಪುದಿಲ್ಲ ಅಂತ ಹೇಳುದು."

"ಅವನ ಕೈ ಬರ್ತಾ ಉಂಟು ಅಂತ ಹರಿಣಾಕ್ಷಿ ಹೇಳಿದ್ಲು. ಯಾರು ತರಿಸಿದ್ದು ಅಂತ ಗ್ರಹಿಸಿದ್ದೀ? ನಾನು ದಿನಾ ದೀಪ ಇಡ್ತೇನೆ ಇಲ್ಲಿ. ನೀನು ಬಾಯಿ ಬಿಟ್ರೆ ಯಂತ್ರ ನಿಲ್ಲಿಸ್ತಾರೆ. ಆಮೇಲೆ ಆ ಹುಡುಗನ ಮುಖ ಹೇಗೆ ನೋಡ್ತೀ?"

ಅವನು ಕೇಳಿದ್ದರಲ್ಲಿ ಕಡೆಯದ್ದು ನನ್ನದೇ ಪ್ರಶ್ನೆಯಾಗಿತ್ತು.

ಮಧ್ಯಾಹ್ನ ಕುಚ್ಚಲಕ್ಕಿ ಗಂಜಿಗೆ ಉಪ್ಪಿನಕಾಯಿ ನಂಚಿ ಲಕ್ಷಿತನಿಗೆ ತಿನ್ನಿಸುತ್ತಿದ್ದೆ. ಎರಡು ಸಲ ಚಮಚ ಅವನ ಗಲ್ಲಕ್ಕೆ ತಾಗಿತು.

"ಬಾಯಿ ಇಲ್ಲಿ ಉಂಟು ಅಜ್ಜಿ. ನಿನ್ನ ಕೈಗೂ ಯಂತ್ರ ಇಡ್ಬೇಕಾ?"

ಚಮಚ ಕೆಳಗಿಟ್ಟೆ. ಇವನದೇ ತಲೆ, ಇವನದೇ ಕೈ. ಇವನಿಗೆ ಹೇಳದೆ ಬೇರೆಯವರಿಗೆ ಹೇಗೆ ಹೇಳುವುದು? ತಂಬಿಲದ ದಿನದ್ದನ್ನು ಹೇಳಿದೆ. ಒದ್ದೆಯಾದ ಚಡ್ಡಿ, ರಕ್ತ, ನಿದ್ದೆ, ಮಾವನಿಗೆ ಹೇಗೆ ಬರುತ್ತಿತ್ತು, ಫಿಯೋನಾ ಜಾರ್ಜರಿಗೆ ಹೇಳಿದ್ದು ಎಲ್ಲ. ನಗುತ್ತಾನೆ ಎಂದು ಗ್ರಹಿಸಿದ್ದೆ. ನಗಲಿಲ್ಲ. ಕಿಟಕಿಯ ಕಡೆ ನೋಡುತ್ತಾ ಇದ್ದ.

"ಆ ದಿನ ಹೊಗೆಯ ವಾಸನೆ ಬಂದಿತ್ತು," ಎಂದ ಕೊನೆಗೆ. "ಕೂದಲು ಸುಟ್ಟ ಹಾಗೆ. ಅದೊಂದೇ ನೆನಪು."

"ದೀಪದ್ದಿರಬೇಕು."

"ಬೋಟಿನಲ್ಲಿ ದೀಪ ಇರ್ಲಿಲ್ಲ ಅಜ್ಜಿ."

ನಾನು ತಟ್ಟೆ ಹಿಡಿದುಕೊಂಡೇ ಕೂತೆ.

"ನನ್ನ ಕಾಲು ಜಾರಲಿಲ್ಲ," ಎಂದ. "ಐಸ್ ಹೊಂಡದ ಬಾಯಲ್ಲಿ ನಿಂತಿದ್ದೆ. ಅದೇ ಸುಟ್ಟ ವಾಸನೆ ಬಂತು. ಆಮೇಲೆ ಎಚ್ಚರ ಆದಾಗ ಕೆಳಗಿದ್ದೆ, ಮೇಲೆ ನಮ್ಮ ಬೋಟಿನ ತಿಲಕ್ ಬೊಬ್ಬೆ ಹೊಡೀತಿದ್ದ. ಬೀಳುವ ಮೊದಲು ನಾನು ನಡುಗಿದೆ ಅಂತ ಅವನೇ ಹೇಳಿದ್ದು. ದೈವ ಬಂದ ಹಾಗೆ ಆಯ್ತು ಅಂತ. ಯಾರಿಗೂ ಹೇಳ್ಬೇಡ ಮಾರಾಯ, ಕಾಲು ಜಾರಿತು ಅಂತ ಹೇಳು ಅಂತ ಅವನಿಂದ ಭಾಷೆ ತಕ್ಕೊಂಡೆ."

"ಯಾಕೆ ಮಗಾ?"

"ದೈವವೇ ಬಂದು ನನ್ನನ್ನು ಹೊಂಡಕ್ಕೆ ತಳ್ಳಿತು ಅಂತ ಹೇಳುದಾ ಕಿಟ್ಟಜ್ಜನ ಹತ್ರ? ಅಥವಾ ದೈವ ಬಂದದ್ದೇ ಅಲ್ಲ, ಮೊದಲ ಸಲವೂ ಅಲ್ಲ ಅಂತ ಹೇಳುದಾ? ಇಷ್ಟು ವರ್ಷ ಎಲ್ಲ ನನಗೆ ಮರ್ಯಾದೆ ಕೊಟ್ಟದ್ದು ಎಂತಕ್ಕೆ ಹಾಗಾದ್ರೆ?" ಅವನ ದನಿ ಗಟ್ಟಿಯಾಯಿತು, ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು. "ಇಲ್ಲಿ ಫಿಟ್ಸ್ ಉಂಟಾ ಅಂತ ಕೇಳುವಾಗ ಅಮ್ಮ ಇಲ್ಲ ಅಂದ್ಲು. ನಾನು ಪಕ್ಕದಲ್ಲೇ ಇದ್ದೆ. ಬಾಯಿ ಮುಚ್ಚಿಕೊಂಡೆ."

"ಅದು ತಲೆಗೆ ಅಪಾಯ ಅಂತ ಗೊತ್ತಿದ್ದೂ?"

"ಗೊತ್ತಿತ್ತು. ಸಾಯುದಾದ್ರೂ ಅಡ್ಡಿಲ್ಲ ಅಂತ ಕಂಡಿತು ಅಜ್ಜಿ. ಟವೆಲ್ ಹಾಕಿ ಮಲಗುದಕ್ಕಿಂತ."

ಆ ಮಾತು ಕೇಳಿ ನನಗೆ ಅಳು ಬರಲಿಲ್ಲ, ಹೆದರಿಕೆಯಾಯಿತು. ಗಂಜಿ ಆರಿಹೋಗಿತ್ತು. ನಾನು ಅವನ ಬಲಗೈಯನ್ನು ನನ್ನ ಮಡಿಲಿಗೆ ತೆಗೆದುಕೊಂಡೆ.

"ನಾನು ಹೇಳಿದ್ರೆ ನನ್ನ ಮೇಲೆ ಸಿಟ್ಟು ಮಾಡ್ತೀಯಾ?"

"ಮಾಡ್ತೇನೆ."

"ಮಾಡು. ಸಿಟ್ಟು ಮಾಡ್ಲಿಕ್ಕೆ ನೀನು ಇರ್ಬೇಕಲ್ವಾ?"

ಆ ಸಂಜೆ ಪೈಪಿನ ಹೊತ್ತಿನಲ್ಲಿ ಎಂದಿನಂತೆ ಟವೆಲ್ ಹಾಕಿಕೊಂಡ. ಒಳಗಿನಿಂದ ಮೂಗು ಎಳೆಯುವ ಸದ್ದು ಕೇಳಿತು.

ಮರುದಿನ ಬೆಳಿಗ್ಗೆ ಯಂತ್ರದ ಕೋಣೆಗೆ ಲಕ್ಷಿತನ ಗಾಲಿಕುರ್ಚಿ ತಳ್ಳಿಕೊಂಡು ಹೋಗುವಾಗ, ಹೇಳಬೇಕಾದ ಮಾತನ್ನು ಬಾಯೊಳಗೇ ಜೋಡಿಸುತ್ತಿದ್ದೆ. ಫಿಯೋನಾ ಎಂದಿನಂತೆ, "ನಿದ್ರೆ ಬಂತಾ?" ಎಂದಳು. ಟೋಪಿ ತೊಡಿಸಿದಳು. ಬಿಲ್ಲೆ ಕೈಗೆತ್ತಿಕೊಂಡಳು. ನಾನು ಎದ್ದೆ.

"ಮೇಡಂ, ನಿಲ್ಲಿ," ಎಂದದ್ದು ಲಕ್ಷಿತ್. "ನನಗೆ ಫಿಟ್ಸ್ ಬಂದದ್ದು ಉಂಟು. ಒಂದು ಸಣ್ಣದಿರುವಾಗ. ಇನ್ನೊಂದು ಬೋಟಿನಲ್ಲಿ. ಹಾಗೇ ಬಿದ್ದದ್ದು."

ಫಿಯೋನಾ ಬಿಲ್ಲೆಯನ್ನು ಅವನ ತಲೆಯಿಂದ ದೂರ ಒಯ್ದು ಇಟ್ಟಳು, ಬಿಸಿ ಪಾತ್ರೆ ಇಡುವ ಹಾಗೆ. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. "ನಾನು ಇಷ್ಟು ದಿನ ನಿನ್ನ ತಲೆಗೆ ಇದನ್ನು..." ಎಂದವಳು ಮುಗಿಸದೆ ದೊಡ್ಡ ಡಾಕ್ಟರಿಗೆ ಫೋನು ಮಾಡಿದಳು.

ಡಾಕ್ಟರು ಬಂದು ಸ್ಟೂಲಿನ ಮೇಲೆ ಕೂತು, ಮೊದಲಿನಿಂದ ಕೇಳಿದರು. ತಂಬಿಲದ್ದನ್ನು ನಾನು ಹೇಳಿದೆ. ದೈವದ ಮಾತು ಬಂದಾಗ ನನ್ನ ಸ್ವರ ಇಳಿಯಿತು.

"ದೈವದ ಬಗ್ಗೆ ನಾನು ಮಾತಾಡುವುದಿಲ್ಲ ಅಮ್ಮ. ನಮ್ಮ ಮನೆಯಲ್ಲೂ ಉಂಟು," ಎಂದರು ಅವರು. "ಬೋಟಿನಲ್ಲಿ ಆದದ್ದು ಮಾತ್ರ ನನ್ನ ಕೆಲಸ. ಅದನ್ನು ನೋಡ್ಲೇಬೇಕು."

ತಲೆಗೆಲ್ಲ ವಯರು ಅಂಟಿಸಿ ಪರೀಕ್ಷೆ ಮಾಡಿದರು. ಫಿಟ್ಸಿನ ಡಾಕ್ಟರು ಬೇರೆ ಬಂದು ನೋಡಿದರು. ಮಿದುಳಿನ ಒಂದು ಕಡೆ ಕಿಡಿ ಹಾರುತ್ತಿದೆ, ಮಾತ್ರೆ ತಪ್ಪಿಸಬಾರದು ಎಂದರು. ಯಂತ್ರ ನಿಂತಿತು. ಮಾತ್ರೆ ಹಿಡಿದು ತಿಂಗಳುಗಟ್ಟಲೆ ಒಂದೂ ಫಿಟ್ಸ್ ಬರದಿದ್ದರೆ, ಆಗ ಕೂತು ಯೋಚಿಸುವ, ಆಗುತ್ತದೆ ಎಂದು ಈಗ ಹೇಳಲಾರೆವು ಎಂದರು. ಕೈಯ ವ್ಯಾಯಾಮ ಮಾತ್ರ ಬಿಡಬಾರದಂತೆ.

"ಬಂದ ಹೆಬ್ಬೆರಳು ಉಳೀತದಾ?" ಎಂದು ನಾನು ಕೇಳಿದೆ.

"ದಿನಾ ಕೆಲಸ ಕೊಡಿ ಅಮ್ಮ. ಉಳಿಯಬಹುದು. ಉಳಿಯದೆಯೂ ಇರಬಹುದು."

ಹರಿಣಾಕ್ಷಿ ಮಾರ್ಕೆಟಿನಿಂದ ನೇರ ಬಂದಳು, ಸೀರೆಯಲ್ಲಿ ಇನ್ನೂ ಮೀನಿನ ಹುರುಪೆ ಇತ್ತು. ನನ್ನನ್ನು ವರಾಂಡಕ್ಕೆ ಕರೆದು, "ನಿನಗೆ ಈಗಲೇ ನೆನಪಾಗ್ಬೇಕಿತ್ತಾ ಅಮ್ಮ? ಇನ್ನೊಂದು ಬೆರಳು ಬಂದ ಮೇಲೆ ನೆನಪು ಮಾಡ್ಲಿಕ್ಕೆ ಆಗ್ತಿರ್ಲಿಲ್ವಾ?" ಎಂದಳು. ಹೇಳಿಬಿಟ್ಟು ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದಳು. ನಾವಿಬ್ಬರೂ ಅಲ್ಲಿಯೇ ಬೆಂಚಿನ ಮೇಲೆ ಕೂತೆವು.

ಕಾಪುವಿಗೆ ವಾಪಸು ಬಂದೆವು. ಕಿಟ್ಟ ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ. ಕೆಲವು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಅವನದೇ ಫೋನು ಬಂತು.

"ತಿಲಕ್ ಬಂದಿದ್ದ ಇಲ್ಲಿಗೆ," ಎಂದ. "ಬೋಟಿನಲ್ಲಿ ಆದದ್ದೆಲ್ಲ ಹೇಳಿದ. ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡ್ತಿದ್ದೀರಾ?"

"ಕೊಡ್ತೇವೆ."

"ತಂಬಿಲಕ್ಕೆ ಅವನನ್ನು ಕರ್ಕೊಂಡು ಬನ್ನಿ. ಗಾಡಿ ಹತ್ತಿಸ್ಲಿಕ್ಕೆ ಹಲಗೆ ಹಾಕಿಸ್ತೇನೆ. ಘಂಟೆಯ ಹತ್ರ ಕೂರಿಸುದು ಬೇಡ, ಆಚೆ ಗಾಳಿಗೆ ಕೂರಿಸುವಾ." ಅಷ್ಟು ಹೇಳಿ ಇಟ್ಟ.

ಈಗ ಬೆಳಿಗ್ಗೆ ಎದ್ದ ಕೂಡಲೇ ನನ್ನ ಕಣ್ಣು ಹೋಗುವುದು ಲಕ್ಷಿತನ ಕೈಗೆ. ಅವನೂ ಅದನ್ನೇ ನೋಡುತ್ತಾ ಮಲಗಿರುತ್ತಾನೆ. ಹೊದಿಕೆಯ ಅಂಚಿನ ಮೇಲೆ ಹೆಬ್ಬೆರಳು ಇಟ್ಟು ಒತ್ತಿ ನೋಡುತ್ತಾನೆ. ಕೆಲವು ದಿನ ಬರುತ್ತದೆ. ಕೆಲವು ದಿನ ಬೆರಳು ಬೇರೆಯವರದ್ದೆಂಬ ಹಾಗೆ ಬಿದ್ದಿರುತ್ತದೆ. ಸುಟ್ಟ ವಾಸನೆ ಬಂತಾ ಎಂದು ನಾನು ಕೇಳುತ್ತೇನೆ, ಇಲ್ಲ ಎನ್ನುತ್ತಾನೆ. ಅಡುಗೆಮನೆಯಲ್ಲಿ ಏನಾದರೂ ತಳ ಹಿಡಿದರೆ ಮೊದಲು ಓಡುವುದು ನಾನು, ಒಲೆಯ ಕಡೆಗಲ್ಲ, ಅವನ ಕಡೆಗೆ.

ಮೊನ್ನೆ ಹರಿಣಾಕ್ಷಿ ಕಾರ್ಕಳಕ್ಕೆ ಹೋದ ಮೇಲೆ ಪೈಪಿನ ಹೊತ್ತಾಯಿತು. ನಾನು ಕೈ ತೊಳೆದು ಬಂದೆ. ಅವನು ಟವೆಲ್ ತೆಗೆದುಕೊಂಡಿರಲಿಲ್ಲ.

"ಅಜ್ಜಿ, ಇವತ್ತು ನಾನೇ ನೋಡ್ತೇನೆ. ನೀನು ಹೊರಗೆ ಹೋಗ್ಬೇಡ. ಆದ್ರೆ ಈಚೆ ತಿರುಗ್ಲಿಕ್ಕೂ ಇಲ್ಲ."

ನಾನು ಕಿಟಕಿಯ ಕಡೆ ಮುಖ ಮಾಡಿ ನಿಂತೆ. ಹಲ್ಲಿನಿಂದ ಪ್ಯಾಕೆಟು ಹರಿಯುವ ಸದ್ದು ಬಂತು. ಆಮೇಲೆ ಏನೂ ಇಲ್ಲ. ಆಮೇಲೆ ಏನೋ ಹಗುರವಾದದ್ದು ನೆಲಕ್ಕೆ ಬಿತ್ತು. ಅವನು ತುಳುವಿನಲ್ಲಿ ಒಂದು ಕೆಟ್ಟ ಬೈಗುಳ ಬೈದ. ಬೋಟಿನಲ್ಲಿ ಕಲಿತದ್ದಿರಬೇಕು.

"ತಿರುಗ್ಬೇಡ."

"ಇಲ್ಲ ಮಗಾ."

"ನೆಲಕ್ಕೆ ಬಿದ್ದದ್ದು ಆಗುದಿಲ್ಲ. ಹೊಸತು ಕೊಡು. ಹಿಂದಿನಿಂದ ಕೈ ನೀಡು."

ಮೇಜಿನಿಂದ ಇನ್ನೊಂದು ಪ್ಯಾಕೆಟು ತೆಗೆದು, ಅವನಿಗೆ ಬೆನ್ನು ಮಾಡಿಯೇ ಕೈ ಹಿಂದಕ್ಕೆ ಚಾಚಿದೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಮೊದಲು ಅವನ ಹಸ್ತ ನನ್ನ ಮಣಿಕಟ್ಟಿಗೆ ತಾಗಿತು, ಜಾರಿತು, ಮತ್ತೆ ಬಂತು. ಆಮೇಲೆ ಪ್ಯಾಕೆಟಿನ ಆಚೆಯ ತುದಿಯನ್ನು ಏನೋ ಎಳೆಯಿತು. ಎಳೆತಕ್ಕೆ ಬಲ ಇರಲಿಲ್ಲ. ಆದರೆ ಎಳೆತ ಇತ್ತು. ನಾನು ಕೂಡಲೇ ಬಿಡಲಿಲ್ಲ.

"ಬಿಡು ಅಜ್ಜಿ."

ಬಿಟ್ಟೆ. ಕೈಯನ್ನು ಸೆರಗಿನೊಳಗೆ ತಂದುಕೊಂಡು, ಮತ್ತೆ ನೆಲಕ್ಕೆ ಬೀಳುವ ಸದ್ದು ಕೇಳುತ್ತದೋ ಎಂದು ಕಿವಿ ಕೊಟ್ಟು ನಿಂತೆ.